ಬೇಕೆಂದೇ ಓದಿದ ತಪ್ಪು

ಮಲುಬಾ ಬೇಕೆಂದೇ ತಪ್ಪು ಓದಿದಳು. ಬೋರ್ಡಿನ ಮೇಲಿದ್ದದ್ದು 'ಙೊಂಬೆ', ಅಂದರೆ ಹಸು. ಅವಳು ಕೋಲನ್ನು ಆ ಪದದ ಕೆಳಗೆ ಎಳೆದು, ಎಲ್ಲರಿಗೂ ಕೇಳುವಂತೆ, "ಗೊಂಬೆ" ಎಂದಳು. ಕನ್ನಡದ ಮಕ್ಕಳು ವರ್ಣಮಾಲೆಯಲ್ಲಿ ಒಮ್ಮೆ ಹೇಳಿ ಮರೆತುಬಿಡುವ ಙಕಾರಕ್ಕೆ ಈ ಸರೋವರದ ಸೀಮೆಯ ಟೋಂಗಾ ಜನರ ಮಾತಿನಲ್ಲಿ ದಿನವೂ ಕೆಲಸವಿದೆ. ಅದನ್ನು ಮೂಗಿನಲ್ಲಿ ಗುನುಗಿ ಹೇಳದಿದ್ದರೆ ಹಸು ಹಸುವಾಗಿ ಉಳಿಯುವುದಿಲ್ಲ.

ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಮೊಣಕಾಲು ಮಡಚಿ ಕೂತಿದ್ದ ಹಚೋಂಗ ತಲೆಯೆತ್ತಿದ. ಅವನು ಪಟ್ಟಣದ ದೊಡ್ಡ ಶಾಲೆಯ ಮೇಷ್ಟ್ರು. ಸರೋವರದಂಚಿನ ಈ ಶಾಲೆಯನ್ನು ಆ ಶಾಲೆಯ ಉಸ್ತುವಾರಿಗೆ ಸೇರಿಸಿದಂದಿನಿಂದ, ಚಿಕ್ಕ ಮಕ್ಕಳಿಗೆ ಓದು ಕಲಿಸುವ ಬಗೆಯನ್ನು ಮಲುಬಾಗೆ ಹೇಳಿಕೊಡಲು ಎರಡು ವಾರಕ್ಕೊಮ್ಮೆ ಬೈಕಿನಲ್ಲಿ ಗುಡ್ಡ ಇಳಿದು ಬರುತ್ತಿದ್ದ. ಮೊದಲೆಲ್ಲ ಅವಳ ತರಗತಿಯಲ್ಲಿ ಮಕ್ಕಳು ಬೋರ್ಡಿನಲ್ಲಿದ್ದದ್ದನ್ನು ಹಾಡಿನಂತೆ ಕೂಗುತ್ತಿದ್ದರು, ಬೋರ್ಡ್ ಒರೆಸಿದ ಮೇಲೂ ಅದನ್ನೇ ಕೂಗುತ್ತಿದ್ದರು. ಒಂದೊಂದು ಅಕ್ಷರದ ಸದ್ದನ್ನೂ ಬಿಡಿಸಿ, ಮತ್ತೆ ಕೂಡಿಸಿ ಓದಿಸುವುದನ್ನು ಕಲಿಸಿದವನು ಅವನೇ. ಪಾಠ ಮುಗಿದ ಮೇಲೆ ಮರದಡಿ ಕೂತು ಅವಳು ತಂದ ಮೊಸರಿನಂಥ ಹುಳಿಹಾಲು ಕುಡಿಯುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಇಷ್ಟು ರುಚಿಯ ಹಾಲು ಕುಡಿದಿರಲಿಲ್ಲ ಎಂದು ಒಮ್ಮೆ ಬಾಯಿತಪ್ಪಿ ಹೇಳಿದ್ದ. ಮನೆಯವರೆಲ್ಲ ಮದುವೆಯ ಮಾತನ್ನೇ ಕೈಬಿಟ್ಟಿದ್ದ ಮಲುಬಾಗೆ ಆ ಒಂದು ಮಾತು ಎಷ್ಟೋ ರಾತ್ರಿಗಳಿಗೆ ಸಾಕಾಗಿತ್ತು.

ಮೊನ್ನೆ ಹೆಡ್ಮಾಸ್ಟರು ಖುಷಿಯಿಂದಲೇ ಹೇಳಿದ್ದರು, "ಈ ಸಲ ಪಟ್ಟಣದ ಮೇಷ್ಟ್ರು ಬಂದಾಗ ನಿನ್ನ ಮಕ್ಕಳು ಚೆನ್ನಾಗಿ ಓದಿಬಿಟ್ರೆ ಮುಗೀತು ಕಣಮ್ಮ. ಅವರಿನ್ನು ಬರೋದು ಬೇಕಾಗಲ್ಲ."

"ಗೊಂಬೆ ಅಲ್ಲ ಟೀಚರ್, ಙೊಂಬೆ!" ಇಡೀ ತರಗತಿ ಕೂಗಿತು.

"ಹೌದಾ? ನಂಗೆ ಗೊಂಬೆ ಅಂತಲೇ ಕಾಣ್ತಿದೆಯಲ್ಲ?"

ಗದ್ದಲ ನಿಂತಿತು. ಮುಂದೆ ಕೂತಿದ್ದ ಒಬ್ಬ ಬೋರ್ಡನ್ನೊಮ್ಮೆ ಅವಳನ್ನೊಮ್ಮೆ ನೋಡಿ, ಅನುಮಾನಿಸುತ್ತ, "ಗೊಂಬೆ" ಎಂದ. ಸರಿಪಡಿಸಲು ಮಲುಬಾ ಬಾಯಿ ತೆರೆಯುವಷ್ಟರಲ್ಲಿ ಮೀನುಗಾರರ ಕೇರಿಯ ಮಿಲಿಮೊ ಎದ್ದು ಬಂದು ಅವಳ ಕೈಯಿಂದ ಕೋಲು ಕಿತ್ತುಕೊಂಡಳು. ಹಿಂದಿನ ವರ್ಷ ತನ್ನ ಹೆಸರು ಹೇಳಲೂ ಅತ್ತಿದ್ದ ಹುಡುಗಿ. "ನೋಡಿ ಟೀಚರ್, ಙೊ... ಙೊಂಬೆ" ಎಂದು ತೋರಿಸಿ, ಅಷ್ಟಕ್ಕೇ ನಿಲ್ಲದೆ, ಮಲುಬಾ ಇನ್ನೂ ಓದಿಸಿರದ ಕೆಳಗಿನ ಸಾಲುಗಳನ್ನೂ ಸರಸರನೆ ಓದಿದಳು. ಹಸು ನೀರಿಗೆ ಇಳಿಯಿತು. ಕರು ದಡದಲ್ಲೇ ನಿಂತಿತು.

ಮಲುಬಾ ಎಷ್ಟು ತಡೆದರೂ ಮುಖ ಅರಳಿಬಿಟ್ಟಿತು. ಹಿಂದಿನ ಬೆಂಚಿನಿಂದ ಚಪ್ಪಾಳೆ ಕೇಳಿತು.

ಪಾಠ ಮುಗಿದ ಮೇಲೆ ಮರದಡಿ ಹಚೋಂಗ ಲೋಟ ಹಿಡಿದು ನಕ್ಕ. "ಬೇಕು ಅಂತಲೇ ತಪ್ಪು ಓದಿದ್ರಿ ಅಲ್ವಾ? ಮಕ್ಕಳು ಎದುರು ಮಾತಾಡ್ತಾರಾ ಅಂತ ನೋಡೋಕೆ? ನನಗೆ ಹೊಳೆದೇ ಇರಲಿಲ್ಲ ಈ ಉಪಾಯ! ಮುಂದಿನ ತಿಂಗಳಿಂದ ಗುಡ್ಡದಾಚೆ ಶಾಲೆಗಳಿಗೆ ಹೋಗ್ತೀನಲ್ಲ, ಅಲ್ಲೂ ಇದನ್ನೇ ಮಾಡಿಸ್ತೀನಿ."

"ಇಲ್ಲಿಗೆ?"

"ಇಲ್ಲಿ ನನಗೇನು ಕೆಲಸ? ನೀವೇ ನನ್ನನ್ನ ಮೀರಿಸಿದ್ದೀರಿ."

ಅವಳು ನೆಲ ನೋಡುತ್ತ ಕೇಳಿಯೇಬಿಟ್ಟಳು. "ಸುಮ್ನೆ ಬರೋಕಾಗಲ್ವಾ? ಪಾಠ ನೋಡೋಕಲ್ಲ. ಸುಮ್ನೆ."

ಅವನ ನಗು ನಿಂತಿತು. ಲೋಟದ ತಳದಲ್ಲಿ ಉಳಿದಿದ್ದ ಹಾಲನ್ನು ಬಹಳ ಹೊತ್ತು ತಿರುಗಿಸಿದ. "ಪಾಠಕ್ಕಾದ್ರೆ ಮಾತ್ರ ಪೆಟ್ರೋಲ್ ಕೊಡ್ತಾರೆ, ಟೀಚರ್" ಎಂದ. ಆಮೇಲೆ ಎದ್ದು ಹೋಗಿ ಲೋಟವನ್ನು ತಾನೇ ತೊಳೆದು, ಅವಳ ಪಕ್ಕದ ಕಲ್ಲಿನ ಮೇಲೆ ಬೋರಲಾಗಿಟ್ಟ. ಹಿಂದೆಂದೂ ಅವನು ಹಾಗೆ ಮಾಡಿದವನಲ್ಲ.

ಬೈಕಿನ ಧೂಳು ಗುಡ್ಡದ ತಿರುವಿನಲ್ಲಿ ಅಡಗುವವರೆಗೂ ಮಲುಬಾ ನಿಂತೇ ಇದ್ದಳು. ಪಕ್ಕದಲ್ಲಿ ಯಾವಾಗಲೋ ಮಿಲಿಮೊ ಬಂದು ನಿಂತಿದ್ದಳು.

"ಅವರಿನ್ನು ಬರಲ್ವಾ ಟೀಚರ್?"

"ಇಲ್ಲ ಕಣೇ. ನೀವೆಲ್ಲ ಚೆನ್ನಾಗಿ ಓದ್ತೀರಲ್ಲ, ಅದಕ್ಕೆ."

ಹುಡುಗಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಅವಳ ಬೆರಳು ಹಿಡಿದುಕೊಂಡಳು.

"ನಂಗೆ ತಪ್ಪಾಗಿ ಓದೋಕೂ ಬರುತ್ತೆ ಟೀಚರ್. ಮೊದಲೇ ಹೇಳಬಾರದಿತ್ತಾ?"