ತಕ್ಕಡಿಗೆ ಕಟ್ಟಿದ ಬೋಲ್ಟು

"ಏ ಮೆಹಬೂಬಬೀ, ಅದು ನನ್ನ ಗೇರ್‌ಬಾಕ್ಸಿನ ಬೋಲ್ಟು!"

ಗಂಗಾವತಿಯ ತರಕಾರಿ ಮಾರ್ಕೆಟ್ಟಿನ ನಟ್ಟನಡುವೆ ನಿಂತು ಗಾಳೇಶ ಕೂಗಿದ ಕೂಗಿಗೆ ಬದನೆಕಾಯಿ ಆರಿಸುತ್ತಿದ್ದ ಹೆಂಗಸರೆಲ್ಲ ತಲೆಯೆತ್ತಿದರು. ಅವನು ಬೆರಳು ಮಾಡಿದ್ದು ಮೆಹಬೂಬಬೀಯ ತಕ್ಕಡಿಯತ್ತ. ತೂಕದ ಕಲ್ಲು ಇಡುವ ತಟ್ಟೆಯ ಅಡಿಯಲ್ಲಿ, ಸುತಲಿಯಿಂದ ಬಿಗಿದ ಬೆರಳುದ್ದದ ಬೋಲ್ಟೊಂದು ತೂಗಾಡುತ್ತಿತ್ತು.

ತಾನು ಏನು ಅಂದುಬಿಟ್ಟೆ ಎಂಬ ಖಬರು ಅವನಿಗಿರಲಿಲ್ಲ. ಬೆಳಗಿನಿಂದ ತಲೆಯಲ್ಲಿ ಇದ್ದದ್ದು ಆ ಬೋಲ್ಟೊಂದೇ. ಬಿಚ್ಚಿದವನಿಗೆ ಕೂಡಿಸಲು ಬರುವುದಿಲ್ಲವೇ, ಮೆಕ್ಯಾನಿಕ್ ಯಾಕೆ ಬೇಕು ಎಂದು ಮನೆಯಂಗಳದಲ್ಲೇ ಕಾರಿನ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಬದಲಿಸಿದ್ದ. ಕೆಲಸ ಕೆಟ್ಟಿರಲಿಲ್ಲ, ಆ ಮಾತು ಒಪ್ಪಬೇಕು. ಆದರೆ ಬಿಚ್ಚಿದ ಬೋಲ್ಟುಗಳನ್ನೆಲ್ಲ ಹೆಂಡತಿ ಯಮನೂರಮ್ಮ ರೊಟ್ಟಿ ಹಿಟ್ಟು ನಾದುವ ಪರಾತದಲ್ಲಿ ಹಾಕಿ ಕಟ್ಟೆಯ ಮೇಲೆ ಇಟ್ಟಿದ್ದ. ಗೇರ್‌ಬಾಕ್ಸನ್ನು ಎತ್ತಿ ಇಂಜಿನ್ನಿಗೆ ಹೊಂದಿಸಿ ಒಂದೊಂದೇ ಬಿಗಿಯುತ್ತ ಬಂದರೆ, ಕೊನೆಗೆ ಒಂದು ತೂತು ಬಾಯಿ ತೆರೆದುಕೊಂಡೇ ಉಳಿಯಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕ ಬೋಲ್ಟಿನ ಥ್ರೆಡ್ ಕೂಡಲಿಲ್ಲ. ಟ್ರ್ಯಾಕ್ಟರಿನದು ದಪ್ಪ, ಒಳಗೇ ಹೋಗಲಿಲ್ಲ. ಅಲ್ಲಿ ಇಲ್ಲಿ ಹುಡುಕಿ ಸಾಕಾಗಿ, ಹೆಂಡತಿ ಹೇಳಿದ ತರಕಾರಿಯನ್ನಾದರೂ ಒಯ್ಯೋಣವೆಂದು ಬಂದವನ ಕಣ್ಣಿಗೆ ಅದು ಬಿದ್ದಿದ್ದು ಹೀಗೆ.

ಬೋಲ್ಟು ಯಾರದೆಂಬುದು ಮಾರ್ಕೆಟ್ಟಿಗೆ ಬೇಕಿರಲಿಲ್ಲ. ತಕ್ಕಡಿಗೆ ಬೋಲ್ಟು ಕಟ್ಟಿದ್ದಾಳೆ ಎಂಬುದಷ್ಟೇ ಎಲ್ಲರ ಕಿವಿಗೆ ಬಿತ್ತು. ಕಾಯಂ ಗಿರಾಕಿ ಕಳಕಮ್ಮ ಕೈಯಲ್ಲಿದ್ದ ಬದನೆಕಾಯಿ ಕೆಳಗಿಟ್ಟಳು.

"ಅಯ್ಯ, ತಟ್ಟಿ ಬುಡಕ ಕಬ್ಬಣ ಕಟ್ಟೀಯಲ್ಲಬೇ! ನಿನ್ನ ನಂಬಿ ಮುಂದಿನ ಅಂಗಡಿ ಮಾರಿ ಸೈತ ನೋಡಾಂಗಿಲ್ಲ ನಾನು."

"ಹಂಗಾರ ಇಷ್ಟು ದಿನ ನಮಗ ಎಷ್ಟು ಕಡಿಮಿ ಹಾಕ್ಯಾಳೋ ಏನೋ!" ಎಂದಳು ಹಿಂದಿನಿಂದ ಇನ್ನೊಬ್ಬಳು.

ಗಾಳೇಶನಿಗೆ ಆಗ ಎಚ್ಚರವಾಯಿತು. ತೂಕದ ಮೇಲೆ ಮಾತು ಬಂದವರ ಹತ್ತಿರ ಈ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ಕೊತ್ತಂಬರಿಯನ್ನೂ ಯಾರೂ ಕೊಳ್ಳುವುದಿಲ್ಲ. "ಹಂಗಲ್ರಬೇ, ನಾ ಅಂದಿದ್ದು..." ಎಂದು ತೊದಲಿದ.

"ನೀವು ಸುಮ್ನಿರ್ರಿ ಗಾಳೇಶಣ್ಣ. ಬಾಯಿ ಬಿಟ್ಟಿದ್ದು ಆತಲ್ಲ," ಎಂದಳು ಮೆಹಬೂಬಬೀ. ಗಾಬರಿಯಿಲ್ಲ, ಆಣೆ ಪ್ರಮಾಣವೂ ಇಲ್ಲ. ಎರಡೂ ತಟ್ಟೆ ಖಾಲಿ ಮಾಡಿ ತಕ್ಕಡಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಮುಳ್ಳು ನೆಟ್ಟಗೆ ನಿಂತಿತು. "ನೋಡಿದಿ ಕಳಕವ್ವ? ಈಗ ನಿನ್ನ ಕೈಯಾರ ಆ ಬೋಲ್ಟು ಬಿಚ್ಚು."

ಕಳಕಮ್ಮ ಬಿಚ್ಚಿದಳು. ತರಕಾರಿ ಹಾಕುವ ತಟ್ಟೆ ತಟ್ಟನೆ ಕೆಳಗಿಳಿಯಿತು.

"ತೂತು ಬಿದ್ದಿತ್ತಂತ ನಿನ್ನೆ ಈ ತಟ್ಟಿಗೆ ತಗಡ ಬಡಿಸೀನಿ. ಭಾರ ಆತು. ಹಂಗ ತೂಗಿದ್ರ ತಗಡನ್ನೂ ಬದನಿಕಾಯಿ ಲೆಕ್ಕದಾಗ ನಿಮಗ ಮಾರಿದಂಗ. ಅದಕ್ಕ ಇವ್ರ ಮನಿಗೆ ಹೋಗಿ ಒಂದು ಕಬ್ಬಣದ ತುಣುಕು ಕೊಡಬೇ ಅಂದೆ. ಯಮನೂರವ್ವ ಪರಾತ ಮುಂದ ಸರಿಸಿ, ಭಾಳ ಅದಾವ, ಸರಿ ಹೊಂದೂದು ಆರಿಸ್ಕೋ ಅಂದ್ಲು. ಆರಿಸ್ಕೊಂಡೆ. ಮೋಸ ಮಾಡಾಕಿ ಆಗಿದ್ರ ಬೋಲ್ಟು ಯಾಕ ಕಟ್ತಿದ್ದೆ? ಕಟ್ಟಲಾರ್ದ ಬಿಡ್ತಿದ್ದೆ."

ಕಳಕಮ್ಮ ಕೆಳಗಿಟ್ಟ ಬದನೆಕಾಯಿಯನ್ನು ಮತ್ತೆ ಎತ್ತಿಕೊಂಡಳು. ಗಾಳೇಶ ಉಸಿರು ಬಿಟ್ಟು ಬೋಲ್ಟಿಗೆ ಕೈ ಚಾಚಿದ.

"ಒಯ್ರಿ, ನಿಮ್ಮದ ಐತಿ. ಆದ್ರ ಅದರ ಭಾರದ್ದು ಏನರ ಕೊಟ್ಟು ಒಯ್ರಿ."

"ಒಂದು ಕಲ್ಲು ತರ್ತೀನಿ ತಡಿ. ಗಂಗಾವತ್ಯಾಗ ಕಲ್ಲಿಗೇನು ಬರ?"

"ಕಲ್ಲು ನನಗೂ ಸಿಗ್ತಾವ. ಆ ಮೂಲ್ಯಾಗ ಕುಂತವ್ರು ನಿಮ್ಮ ಕೂಗು ಕೇಳ್ಯಾರ, ನನ್ನ ಮಾತು ಕೇಳಿಲ್ಲ. ಕೂಗಿದವ್ರ ಸಾಮಾನ ಇಲ್ಲಿ ತೂಗಾಡಬೇಕು. ಯಾರರ ಕೇಳಿದ್ರ, ನೋಡ್ರಿ, ಗಾಳೇಶಣ್ಣನ ಜಾಮೀನು ಐತಿ ಅಂತ ತೋರಸ್ತೀನಿ."

ಹೆಂಗಸರು ನಕ್ಕರು. ಗಾಳೇಶ ಜೇಬು ಖಾಲಿ ಮಾಡತೊಡಗಿದ. ಅಡಿಕೆ ಡಬ್ಬಿ ಹಗುರಾಯಿತು. ಬೋಲ್ಟು ಬಿಗಿಯುವ ಪಾನಾ ಕಟ್ಟಿದರೆ ತಟ್ಟೆ ನೆಲಕ್ಕೇ ಬಡಿಯಿತು. ಮೊಬೈಲೂ ಭಾರ. ಕೊನೆಗೆ ಮೆಹಬೂಬಬೀಯೇ ಅವನ ಮೇಲಿನ ಜೇಬಿನತ್ತ ಗದ್ದ ಎತ್ತಿ ತೋರಿಸಿದಳು. ಅಲ್ಲಿದ್ದದ್ದು ಕಾರಿನ ಚಾವಿ. ಅದರ ರಿಂಗಿಗೆ ಅಂಜನಾದ್ರಿಯಲ್ಲಿ ಕೊಂಡ ಹಿತ್ತಾಳೆಯ ಹನುಮಪ್ಪ.

"ಏ, ಅದು ಬ್ಯಾಡ. ಬೋಲ್ಟು ಒಯ್ದು ಬಿಗದು, ಚಾವಿ ಇಲ್ದ ಕಾರು ಹೆಂಗ ಚಾಲೂ ಮಾಡ್ಲಿ?"

"ನನ್ನ ವ್ಯಾಪಾರದ ಗಾಡಿ ನಿಲ್ಲಿಸಿದವ್ರು ನೀವ ಅಲ್ಲೇನ್ರಿ?"

ಗಾಳೇಶ ಚಾವಿ ತೆಗೆದು ಕೊಟ್ಟ. ಮೆಹಬೂಬಬೀ ಚಾವಿಯನ್ನು ಸುತಲಿಯಿಂದ ಬಿಗಿದು ತಕ್ಕಡಿ ಎತ್ತಿದಳು. ಮುಳ್ಳು ಒಮ್ಮೆ ಆಚೆ, ಒಮ್ಮೆ ಈಚೆ ಆಡಿ, ನಡುವೆ ಬಂದು ನಿಂತಿತು.

"ಮತ್ತ ಇದನ್ನ ಯಾವಾಗ ಬಿಚ್ಚಿ ಕೊಡ್ತಿ?"

"ಬದನಿಕಾಯಿ ಖಾಲಿ ಆದ ಕೂಡ್ಲೆ."

ಗಾಳೇಶ ರಾಶಿಯನ್ನು ನೋಡಿದ. ಅದು ಅವಳ ಮೊಣಕಾಲಿನ ಎತ್ತರಕ್ಕಿತ್ತು. ಬೋಲ್ಟನ್ನು ಜೇಬಿಗಿಳಿಸಿ, ಗ್ರೀಸು ಮೆತ್ತಿದ ಕೈಗಳನ್ನು ಲುಂಗಿಗೆ ಒರೆಸಿಕೊಂಡು, ಮೆಹಬೂಬಬೀಯ ಬುಟ್ಟಿಯ ಪಕ್ಕಕ್ಕೆ ಬಂದು ನಿಂತ. ಮೂಲೆಯಲ್ಲಿ ಕುಳಿತವರಿಗೂ ಕೇಳುವ ಹಾಗೆ ಗಂಟಲು ಬಿಚ್ಚಿದ:

"ಬರ್ರಿ ಬರ್ರಿ! ಪಕ್ಕಾ ತೂಕದ ಬದನಿಕಾಯಿ!"