ಸಿದ್ರಾಮನ ಮುಖ

ನಿಂಗಣ್ಣ ಬರಬಾರದಿತ್ತು. ಬಂದೇಬಿಟ್ಟ! ಹನ್ನೂರಿನ ಜನರನ್ನು ಅಕ್ಕಲಕೋಟೆಗೆ ತುಂಬಿಕೊಂಡು ಬಂದ ಬಸ್ಸಿನಿಂದ, ಟಿಕೆಟ್ ಯಂತ್ರವನ್ನು ಕೊರಳಿಗೆ ನೇತುಹಾಕಿಕೊಂಡು, ಕಂಡಕ್ಟರ್ ನಿಂಗಣ್ಣನೇ ಮೊದಲು ಇಳಿದ. ಶಿಲ್ಪಿ ಮಲಕಾಜಪ್ಪನ ಜೀವ ಬಾಯಿಗೆ ಬಂತು.

ಇನ್ನು ಅರ್ಧ ಗಂಟೆಯಲ್ಲಿ ಪರದೆ ಸರಿಯಲಿತ್ತು. ಪರದೆಯ ಹಿಂದೆ ಇದ್ದದ್ದು ಈ ನಿಂಗಣ್ಣನ ಮುಖ.

ಇರಬೇಕಾದದ್ದು ಸಿದ್ರಾಮನ ಮುಖ. ಐವತ್ತು ವರ್ಷಗಳಾಚೆ ಯುದ್ಧದಲ್ಲಿ ಮುಳುಗಿದ ಹಡಗಿನೊಂದಿಗೆ ಈ ತಾಲ್ಲೂಕಿನ ಮೂವರು ನಾವಿಕರು ಹೋಗಿಬಿಟ್ಟಿದ್ದರು. ಸಮುದ್ರ ನೋಡಬೇಕೆಂದರೆ ಒಂದು ಹಗಲು ರೈಲಿನಲ್ಲಿ ಕೂರಬೇಕಾದ ಊರು ಕೊನೆಗೂ ಅವರಿಗೊಂದು ಸ್ಮಾರಕ ಕಟ್ಟಿಸಿತು. ಕಲ್ಲಿನ ಅಲೆ, ಅದರ ಮೇಲೆ ಮೂವರ ಎದೆಮಟ್ಟದ ಪ್ರತಿಮೆ. ಇಬ್ಬರ ಮನೆಯವರು ಫೋಟೋ ತಂದುಕೊಟ್ಟರು. ಹನ್ನೂರಿನ ಸಿದ್ರಾಮನದು ಮಾತ್ರ ಎಲ್ಲೂ ಇರಲಿಲ್ಲ. ಹುಡುಕಿ ಹುಡುಕಿ ತರಿಸಿದ ಒಂದು ಗುಂಪು ಫೋಟೋದಲ್ಲಿ ಅವನ ಟೊಪ್ಪಿಗೆ ಕಂಡಿತು. ಮುಖ ಮುಂದಿನವನ ಭುಜದ ಹಿಂದೆ! ಅವನನ್ನು ಬಲ್ಲ ಹಿರಿಯರೆಲ್ಲ ತೀರಿಕೊಂಡಿದ್ದರು. ಉಳಿದವಳು ಹೆಂಡತಿ ಸಕ್ಕುಬಾಯಿ. ಆಕೆ ಹೌದೆಂದರೆ ಹೌದು ಎಂದು ಸ್ಮಾರಕ ಸಮಿತಿ ತೀರ್ಮಾನಿಸಿತು.

ಮಲಕಾಜಪ್ಪ ಹನ್ನೂರಿಗೆ ಹೋಗಿ, ಕುರಿದೊಡ್ಡಿಯ ಮುಂದೆ ಕುಳಿತು ಕೇಳಿದ್ದ.

"ಅವ್ವಾರ, ಯಜಮಾನ್ರ ಮಾರಿ ದುಂಡಗಿತ್ತೋ, ಉದ್ದಕಿತ್ತೋ?"

"ಅಕ್ಷರ ದುಂಡಗಿದ್ವು ನೋಡ ತಮ್ಮಾ. ಎರಡ ಕಾಗದ ಬರದಿದ್ರು."

"ಎತ್ತರ ಎಷ್ಟಿದ್ರು?"

"ಮಗ್ಗಲ ನಿಂತ ಅಳದಿಲ್ಲ."

"ಮದಿವಿ ಫೋಟೋ?"

"ಫೋಟೋ ತಗಿಯೂ ಹಂಗ ಇರಲಿಲ್ಲ ಆ ಮದಿವಿ." ಸಕ್ಕುಬಾಯಿ ನಕ್ಕಳು. "ನೀ ಮಾಡು. ಚಂದ ಮಾಡು. ನಾ ಬಂದ ನೋಡತೀನಿ."

ಮುಖ ಕೇಳಿದರೆ ಅಕ್ಷರವಂತೆ! ಮುದುಕಿಗೆ ಅರಳುಮರಳು ಎಂದುಕೊಂಡ ಮಲಕಾಜಪ್ಪ. ಎಪ್ಪತ್ತರ ಅಂಚಿನ ಜೀವ. ಗಂಡ ಹೋದಾಗ ಹದಿನೇಳು ವರ್ಷ. ಉಡಿಕಿ ಮಾಡಿಕೋ, ಇನ್ನೊಂದು ಸಂಸಾರ ಹೂಡು ಎಂದು ಊರೆಲ್ಲ ಹೇಳಿದರೂ ಒಲ್ಲೆನೆಂದು ಕುರಿ ಕಾಯುತ್ತ ಉಳಿದವಳು.

ಹಾಗೆಂದು ಏನೋ ಒಂದು ಕೆತ್ತಿ ಕೊಡುವಂತಿರಲಿಲ್ಲ. ಹೋದ ವರ್ಷ ಸೊಲ್ಲಾಪುರದ ವ್ಯಾಪಾರಿಯೊಬ್ಬನಿಗೆ ಅವನ ತಂದೆಯ ಪ್ರತಿಮೆ ಮಾಡಿಕೊಟ್ಟಾಗ ಆ ಮಗರಾಯ "ಇವರ್ಯಾರ್ರಿ?" ಎಂದು ಕೇಳಿ ನಾಲ್ಕು ಜನರೆದುರು ಮಾನ ಕಳೆದಿದ್ದ. ಆ ಪ್ರತಿಮೆ ಈಗ ಮಲಕಾಜಪ್ಪನ ಹಿತ್ತಲಲ್ಲಿದೆ. ಅದರ ತಲೆಯ ಮೇಲೆ ಹೆಂಡತಿ ನೀಲಗಂಗಾ ಒದ್ದೆ ಬಟ್ಟೆ ಒಣಹಾಕುತ್ತಾಳೆ.

"ಈ ಸಲಾನೂ ಯಾರಿಂವ ಅಂದ್ರ ಉಳಿ ಕಟ್ಟಿ ಇಡ್ರಿ. ನಮ್ಮಣ್ಣನ ಚಾದರ ಅಂಗಡ್ಯಾಗ ಚಾದರ ಮಡಚೂದು ಕಲೀರಿ" ಎಂದಿದ್ದಳು ಆಕೆ. ಆಗಲಿ ಎಂದು ಮಾತು ಕೊಟ್ಟುಬಿಟ್ಟಿದ್ದ, ಪುಣ್ಯಾತ್ಮ.

ಆ ಚಿಂತೆಯಲ್ಲೇ ಊರಿಗೆ ಮರಳುವಾಗ, ಬಸ್ಸು ಕುಂಭಾರಿ ದಾಟುವ ಹೊತ್ತಿಗೆ, "ಚಿಲ್ಲರೆ ಕೊಡ್ರಿ ಕಾಕಾ" ಎನ್ನುತ್ತ ಒಂದು ಮುಖ ಬಾಗಿತು. ನೆಟ್ಟನೆಯ ಮೂಗು, ಗುಳಿ ಬೀಳುವ ಕೆನ್ನೆ, ನಗುವ ಕಣ್ಣು. ಆಹಾ! ಹೋಗಬೇಕಾದ ಕೆಲಸವಿಲ್ಲದಿದ್ದರೂ ಎರಡು ತಿಂಗಳು ಅದೇ ಬಸ್ಸಿನಲ್ಲಿ ಓಡಾಡಿ, ಕದ್ದು ಕದ್ದು ನೋಡಿ ಕೆತ್ತಿದ. ನಿಂಗಣ್ಣನಿಗೆ ಇದರ ಸುಳಿವೇ ಇಲ್ಲ.

"ಏ ನಿಂಗಣ್ಣ, ಬಸ್ಸು ಹೊಂಡೂದಿಲ್ಲೇನೋ?" ಈಗ ಬಸ್ಸಿನ ಬಳಿಗೇ ಹೋಗಿ ಮಲಕಾಜಪ್ಪ ಕೇಳಿದ.

"ಇನ್ನಾ ಒಂದ ತಾಸ ಅದ ಕಾಕಾ. ನಿಮ್ಮ ಮೂರ್ತಿ ನೋಡೇ ಹೋಗಾಂವ."

ಮುಗಿಯಿತು ಕಥೆ!

ಪರದೆ ಸರಿಯಿತು. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಅರೇ! ಇಂವ ನಮ್ಮ ನಿಂಗ್ಯಾ ಅಲ್ಲೇನು!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಂಗಣ್ಣ ಬೆಪ್ಪಾಗಿ ತನ್ನ ಮೂಗನ್ನು ತಾನೇ ಮುಟ್ಟಿ ನೋಡಿಕೊಂಡ. ಮಲಕಾಜಪ್ಪನ ಕಣ್ಣೆದುರು ಚಾದರದ ಗುಡ್ಡೆಗಳು ಎದ್ದುನಿಂತವು.

ಸಕ್ಕುಬಾಯಿ ಮೆಟ್ಟಿಲು ಹತ್ತಿದಳು. ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ನಗುವವರ ನಗುವೇ ನಿಂತುಹೋಯಿತು. ಬೆರಳ ತುದಿಯಿಂದ ಹಣೆ ಮುಟ್ಟಿದಳು, ಮೂಗು ಮುಟ್ಟಿದಳು, ಕೆನ್ನೆಯ ಗುಳಿ ಮುಟ್ಟಿದಳು. ಹೊಸ ಮದುವಣಗಿತ್ತಿಯಂತೆ ತಲೆಯ ಮೇಲೆ ಸೆರಗೆಳೆದುಕೊಂಡು ಜನರ ಕಡೆ ತಿರುಗಿದಳು.

"ಇವರ. ನಮ್ಮ ಮನಿಯವರು."

ಆಗ ನೋಡಬೇಕಿತ್ತು ಗದ್ದಲ! ಡೊಳ್ಳು ಬಡಿದವು. ಕುರುಬರ ದೇವರು ಬೀರೋಬಾನ ಭಂಡಾರದ ಅರಿಶಿನಪುಡಿ ಹಾರಿತು. "ಸಿದ್ರಾಮ ತಿರುಗಿ ಹುಟ್ಟಿ ಬಂದಾನ!" ಎಂದು ಯಾರೋ ಅಂದದ್ದೇ ತಡ, ನಿಂಗಣ್ಣ ಹೆಗಲುಗಳ ಮೇಲಿದ್ದ. ಎರಡು ನಿಮಿಷದಲ್ಲಿ ಅಡಿಯಿಂದ ಮುಡಿಯವರೆಗೆ ಹಳದಿಯಾದ. ನೂಕುನುಗ್ಗಲಿಗೆ ಕೊರಳಲ್ಲಿದ್ದ ಯಂತ್ರ ತನ್ನಷ್ಟಕ್ಕೇ ಟಿಕೆಟ್ ಹರಿಯತೊಡಗಿತು. ಹೆಂಗಸರು ಅದನ್ನೂ ಪ್ರಸಾದವೆಂದು ಕಣ್ಣಿಗೊತ್ತಿಕೊಂಡರು.

"ಬಿಡ್ರೋ ಯಪ್ಪಾ, ನನ್ನ ಬಸ್ಸ ಹೋಗತದ!" ಎಂದು ನಿಂಗಣ್ಣ ಮೇಲಿನಿಂದ ಬೊಬ್ಬಿಟ್ಟ. ಯಾರು ಕೇಳುತ್ತಾರೆ?

ನೀಲಗಂಗಾ ಗಂಡನನ್ನು ಹೊಸದಾಗಿ ಕಂಡವಳಂತೆ ನೋಡುತ್ತಿದ್ದಳು. ಮಲಕಾಜಪ್ಪ ಗೆದ್ದಿದ್ದ. ಆದರೆ ಐವತ್ತು ವರ್ಷ ಒಬ್ಬನ ನೆನಪಿನಲ್ಲೇ ಬದುಕಿದವಳಿಗೆ ಹೀಗೆ ಮೋಸ ಮಾಡಿ ಅನ್ನ ತಿನ್ನುವುದೇ? ತಡೆಯಲಾರದೆ ಹೋಗಿ ಸಕ್ಕುಬಾಯಿಯ ಕಾಲ ಬಳಿ ಕುಳಿತ.

"ಅವ್ವಾರ, ತಪ್ಪಾತ್ರಿ. ಅದು ಯಜಮಾನ್ರ ಮಾರಿ ಅಲ್ರಿ. ಆ ಕಂಡಕ್ಟರಂದು. ನಿಮ್ಮ ಮನಸಿನಾಗಿನ ಮಾರಿ ನಾ ಅಳಸಿಬಿಟ್ಟೆ."

ಸಕ್ಕುಬಾಯಿ ಆಚೀಚೆ ನೋಡಿದಳು. ಯಾರೂ ಕೇಳುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಅವನ ರಟ್ಟೆ ಹಿಡಿದು ಎಬ್ಬಿಸಿ, ಕಿವಿಯಲ್ಲಿ ಹೇಳಿದಳು:

"ಅಳಸಾಕ ಏನಿತ್ತೋ ತಮ್ಮಾ? ಮದಿವಿಗಿ ಅವರಿಗಿ ರಜಾ ಸಿಗಲಿಲ್ಲ, ಅವರ ಬದಲಿ ತಲವಾರ ನಿಲ್ಲಿಸಿ ನನಗ ತಾಳಿ ಕಟ್ಟಿದ್ರು. ಅವರು ಮನಿಗಿ ಬರೂದ್ರಾಗ ಹಡಗ ಮುಳುಗಿತು. ಗಂಡನ ಮಾರಿ ನಾ ನೋಡಿದ್ದ ಇವತ್ತ... ಭಾಳ ಚಂದ ಅದಾರ, ಅಲ್ಲಾ?"