ನಾಲ್ಕನೆಯ ಟೈರ್ ಅಂಗಡಿ

ಊರಿನ ಮೂರು ಟೈರ್ ಅಂಗಡಿಯವರು ಅವಳ ಮಾತಿಗೆ ಒಪ್ಪಿದ್ದರು. ನಾಲ್ಕನೆಯವನು ಮಾತ್ರ ಜಗ್ಗಲಿಲ್ಲ.

"ಮಾಲಿಟ್ಕೊಂಡು ಇಲ್ಲ ಅನ್ನೋದು ಹೆಂಗಮ್ಮ? ಕೆಸರು, ಬಂಡೆ ಎಲ್ಲದಕ್ಕೂ ಆಗೋ ಟೈರು, ನಿನ್ನೆ ತಾನೇ ಬಂದಿದೆ."

"ಕೈ ಮುಗೀತೀನಿ ಅಣ್ಣ." ಅವಳು ನಿಜಕ್ಕೂ ಕೈ ಮುಗಿದಳು. "ಹೋದ ವರ್ಷ ಇದೇ ಘಟ್ಟದ ಜೀಪ್ ರ‍್ಯಾಲೀಲಿ ಗಾಡಿ ಪಲ್ಟಿಯಾಗಿ ನಮ್ಮನೆಯವರು ಮೂರು ತಿಂಗಳು ಹಾಸಿಗೆ ಹಿಡಿದಿದ್ರು. ನಾಳೆ ಮತ್ತೆ ಹೋಗ್ತಾರಂತೆ, ಹೇಳಿದ್ರೆ ಕೇಳಲ್ಲ. ಇರೋ ಟೈರುಗಳು ಪೂರ್ತಿ ಸವೆದು ಬೋಳಾಗಿವೆ. ಹೊಸದು ಸಿಗದಿದ್ರೆ ಸುಮ್ನೆ ಮನೇಲಿರ್ತಾರೆ."

ಅಂಗಡಿಯವನು ಎದ್ದು ಹೋಗಿ ಹೊಸ ಟೈರುಗಳ ಮೇಲೆ ಟಾರ್ಪಾಲು ಎಳೆದ.

ಮನೆಗೆ ಬಂದವಳು ಎಷ್ಟೋ ದಿನಗಳ ಮೇಲೆ ಮನಸ್ಸಿಟ್ಟು ಒಲೆಯ ಮುಂದೆ ನಿಂತಳು. ಗಂಡನಿಗಿಷ್ಟವೆಂದು ಹೀರೇಕಾಯಿ ಬಜ್ಜಿಗೆ ಹಿಟ್ಟು ಕಲಸುವಾಗ ಅವನ ಫೋನ್ ಬಂತು.

"ಹಾಳಾದ್ದು, ನಾಲ್ಕು ಅಂಗಡೀಲೂ ಟೈರಿಲ್ವಂತೆ ಕಣೇ!"

"ಹೋಗ್ಲಿ ಬಿಡಿ. ಬೇಗ ಮನೆಗೆ ಬನ್ನಿ, ಬಜ್ಜಿ ಕರೀತಿದೀನಿ."

"ಮನೆಗೆಲ್ಲಿ? ಬೆಳಿಗ್ಗೆನೇ ರ‍್ಯಾಲಿ ಶುರು ಅಂತ ಹಳೇ ಟೈರಲ್ಲೇ ಇವತ್ತೇ ಹೊರಟ್ಬಿಟ್ಟೆ. ಆಗಲೇ ಘಟ್ಟ ಹತ್ತಾ ಇದೀನಿ, ಇಲ್ಲಿ ವಿಪರೀತ ಮಳೆ. ಫೋನ್ ಇಡ್ಲಾ?"